ಚೀಟಿ ಹೋಯಿತು, ಚೀಲ ಬಂತು

ಅಮ್ಮ ಬರೆಯುವ ಸಾಮಾನಿನ ಚೀಟಿಯನ್ನು ಸಲೀಸಾಗಿ ಓದಬಲ್ಲವರು ಇಬ್ಬರೇ. ಒಬ್ಬಳು ಸ್ವತಃ ಅಮ್ಮ, ಇನ್ನೊಬ್ಬರು ನಮ್ಮ ಬೀದಿಯ ತಿರುವಿನಲ್ಲಿ ದಿನಸಿ ಅಂಗಡಿ ಇಟ್ಟಿರುವ ಶೆಟ್ಟರು. ‘ತೊ.ಬೇ. 2, ಉ.ಬೇ. 1, ಕ.ಬೇ. ಅರ್ಧ, ಬ್ಯಾಡಗಿ ಕಾಲು, ಗುಂಟೂರು ಸ್ವಲ್ಪ, ಅಕ್ಕಿ ಅದೇ’ ಎಂದು ಹಳೆಯ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆದು ಕೊಟ್ಟರೆ ಸಾಕು. ‘ಸ್ವಲ್ಪ’ ಎಂದರೆ ನೂರು ಗ್ರಾಂ, ‘ಅದೇ’ ಎಂದರೆ ವರ್ಷ ಹಳೆಯದಾದ ಸೋನಾ ಮಸೂರಿ ಎಂಬುದು ಅವರಿಗೆ ಗೊತ್ತು. ಮೂವತ್ತು ವರ್ಷದ ಒಡನಾಟ ಅದು. ಮನೆಯಿಂದ ಹೊರಗೆ ಕಾಲಿಡಲಾಗದ ಕಾಲವೊಂದು ಬಂದು, ಆ ಚೀಟಿಯೇ ನಮ್ಮ ಊಟಕ್ಕೆ ಆಧಾರವಾದೀತು ಎಂದು ನಾವು ಯಾರೂ ಎಣಿಸಿರಲಿಲ್ಲ.

2020ರ ಮಾರ್ಚ್ 24, ಮಂಗಳವಾರ. ರಾತ್ರಿ ಎಂಟಕ್ಕೆ ಪ್ರಧಾನಿ ಟಿ.ವಿ.ಯಲ್ಲಿ ಮಾತನಾಡಿದರು. ಕೊರೊನಾ ತಡೆಯಲು ಅಂದು ನಡುರಾತ್ರಿಯಿಂದ 21 ದಿನ ದೇಶಕ್ಕೆ ದೇಶವೇ ಲಾಕ್‌ಡೌನ್. ಮಾತು ಮುಗಿಯುವ ಮೊದಲೇ ಬೆಂಗಳೂರಿನ ನಮ್ಮ ಬೀದಿಯಲ್ಲಿ ಸ್ಕೂಟರುಗಳ ಸದ್ದು ಶುರುವಾಯಿತು. ನಾನೂ ಕೈಚೀಲ ಹಿಡಿದು ಓಡಿದೆ. ಶೆಟ್ಟರ ಅಂಗಡಿಯ ಷಟರ್ ಅರ್ಧ ಇಳಿದಿತ್ತು, ಮುಂದೆ ಐವತ್ತು ಜನ. ಹಾಲು, ಗೋಧಿಹಿಟ್ಟು, ಈರುಳ್ಳಿ ಆಗಲೇ ಖಾಲಿ. ಮಾರನೆಯ ದಿನ ಯುಗಾದಿ. ಹೋಳಿಗೆಗೆ ಬೇಳೆ ಬೇಕು ಎಂದು ಕೂಗಿ ಕೇಳುತ್ತಿದ್ದ ಹೆಂಗಸೊಬ್ಬರ ದನಿ ಇನ್ನೂ ಕಿವಿಯಲ್ಲಿದೆ.

ಅಮ್ಮನಿಗೆ ಆಗ 76 ವರ್ಷ. ಮೊಣಕಾಲಿನ ಶಸ್ತ್ರಚಿಕಿತ್ಸೆಯಾಗಿ ಆರು ವಾರವಷ್ಟೇ ಆಗಿತ್ತು. ಮೊದಲ ಮಹಡಿಯ ಮನೆ, ಇಕ್ಕಟ್ಟಾದ ಮೆಟ್ಟಿಲು. ನನಗೆ ಆಸ್ತಮಾ. ಹೊರಗೆ ಹೋಗಬೇಡಿ ಎಂದು ವೈದ್ಯರು ಫೋನಿನಲ್ಲೇ ಕಟ್ಟಪ್ಪಣೆ ಮಾಡಿದ್ದರು. ಯುಗಾದಿಯ ಬೆಳಿಗ್ಗೆ ಬೇವು ಬಾಲ್ಕನಿಗೆ ಚಾಚಿದ್ದ ಕೊಂಬೆಯಲ್ಲೇ ಸಿಕ್ಕಿತು, ಬೆಲ್ಲ ಡಬ್ಬಿಯ ತಳದಲ್ಲಿತ್ತು. ಹಬ್ಬ ಅಲ್ಲಿಗೆ ಮುಗಿಯಿತು. ಅಮ್ಮ ಅಡುಗೆಮನೆಯ ಡಬ್ಬಿಗಳನ್ನು ಒಂದೊಂದಾಗಿ ತೆರೆದು ನೋಡಿ, ‘ಹನ್ನೆರಡು ದಿನಕ್ಕೆ ಬರುತ್ತೆ’ ಎಂದಳು. ಲಾಕ್‌ಡೌನ್ ಘೋಷಿಸಿದ್ದು 21 ದಿನಕ್ಕೆ. ಅದು ಏಪ್ರಿಲ್ 14ಕ್ಕೆ ಮುಗಿಯದೆ ಮೇ 3ಕ್ಕೆ, 17ಕ್ಕೆ, ಕೊನೆಗೆ 31ಕ್ಕೆ ಮುಂದುವರಿಯಿತು.

ಮಧ್ಯರಾತ್ರಿಯ ಕಾವಲು

ದಿನಸಿಯನ್ನು ಮನೆಗೆ ತರಿಸುವುದು ಬೆಂಗಳೂರಿಗೆ ಹೊಸದಾಗಿರಲಿಲ್ಲ. ಬಿಗ್‌ಬಾಸ್ಕೆಟ್ 2011ರಲ್ಲಿ ಇದೇ ಊರಿನಲ್ಲಿ ಹುಟ್ಟಿತು. ಸ್ವಿಗ್ಗಿ, ಡನ್ಝೊ ಕೂಡ ಇಲ್ಲೇ ಹುಟ್ಟಿದವು. ಬೆರಳಾಡಿಸಿದರೆ ಬೇಳೆ ಬಾಗಿಲಿಗೆ ಬರುತ್ತದೆ ಎಂಬ ಭರವಸೆಯಲ್ಲಿ ನಗರದ ಎಷ್ಟೋ ಮನೆಗಳು ತಿಂಗಳ ಸಾಮಾನು ಕೂಡಿಡುವ ರೂಢಿಯನ್ನೇ ಬಿಟ್ಟಿದ್ದವು. ಆ ಭರವಸೆ ಅಲುಗಾಡಿದ್ದು ಮಾರ್ಚ್ ಕೊನೆಯ ವಾರದಲ್ಲಿ. ಆ್ಯಪ್ ತೆರೆದರೆ ಬುಟ್ಟಿ ತುಂಬುತ್ತಿತ್ತು, ಆದರೆ ತಂದುಕೊಡುವ ಹೊತ್ತನ್ನು ಆರಿಸುವ ಕಡೆ ‘ಸ್ಲಾಟ್ ಇಲ್ಲ’ ಎಂಬ ಉತ್ತರ. ಹೊಸ ಸ್ಲಾಟುಗಳು ರಾತ್ರಿ ಹನ್ನೆರಡಕ್ಕೆ ತೆರೆಯುತ್ತವಂತೆ, ಬೆಳಗಿನ ಜಾವ ಐದಕ್ಕಂತೆ ಎಂದು ಗೆಳೆಯರು ಸುದ್ದಿ ಹಂಚಿಕೊಳ್ಳುತ್ತಿದ್ದರು. ನಾನು ನಾಲ್ಕು ರಾತ್ರಿ ಎಚ್ಚರವಿದ್ದೆ. ಐದನೆಯ ರಾತ್ರಿ ಒಂದು ಸ್ಲಾಟ್ ಸಿಕ್ಕಿತು, ಒಂಬತ್ತು ದಿನದ ನಂತರದ್ದು. ಬಂದಾಗ ಚೀಲದಲ್ಲಿ ಕೇಳಿದ್ದರ ಅರ್ಧವೂ ಇರಲಿಲ್ಲ.

ಇದು ಒಂದು ಕಂಪನಿಯ ತಪ್ಪಾಗಿರಲಿಲ್ಲ. ಇದ್ದಕ್ಕಿದ್ದಂತೆ ಇಡೀ ನಗರ ಏಕಕಾಲಕ್ಕೆ ಆರ್ಡರ್ ಮಾಡಿದರೆ ಯಾವ ಗೋದಾಮೂ ತಡೆಯಲಾರದು. ಅದರ ಮೇಲೆ ಕೆಲಸದವರು ಊರು ಸೇರಿದ್ದರು. ಆನ್‌ಲೈನ್ ಮೂಲಕ ಆಹಾರ, ಔಷಧ ತಲುಪಿಸಲು ಅಡ್ಡಿಯಿಲ್ಲ ಎಂದು ಮಾರ್ಚ್ 24ರ ಕೇಂದ್ರ ಗೃಹ ಸಚಿವಾಲಯದ ಆದೇಶದಲ್ಲೇ ಬರೆದಿತ್ತು. ಆದರೆ ಕಾಗದದ ಮಾತು ಬೀದಿಯ ನಾಕಾಬಂದಿಗೆ ತಲುಪಲು ದಿನಗಳೇ ಹಿಡಿದವು. ಅಷ್ಟರೊಳಗೆ ಎಷ್ಟೋ ಹುಡುಗರು ದಾರಿಯಲ್ಲಿ ತಡೆಸಿಕೊಂಡು ಹಿಂದಿರುಗಿದ್ದರು. ಮುಂದೆ ಪೊಲೀಸರು ಮೈಗೇಟ್ ಆ್ಯಪ್ ಮೂಲಕ ಇ-ಪಾಸ್ ಕೊಡಲು ಆರಂಭಿಸಿದ ಮೇಲೆ ಬೈಕುಗಳು ಮತ್ತೆ ಓಡಾಡತೊಡಗಿದವು.

ಒಂದು ಸಂಜೆ ಶೆಟ್ಟರೇ ಫೋನ್ ಮಾಡಿದರು. ‘ಅಮ್ಮ ಕಾಣ್ತಾ ಇಲ್ಲವಲ್ಲ, ಹೇಗಿದಾರೆ?’ ವಿಷಯ ಹೇಳಿದೆ. ‘ಅಯ್ಯೋ, ಮೊದಲೇ ಹೇಳಬಾರದಾ? ಅಮ್ಮನ ಹತ್ತಿರ ಚೀಟಿ ಬರೆಸಿ ಫೋಟೊ ತೆಗೆದು ವಾಟ್ಸ್ಆ್ಯಪ್ ಮಾಡಿ. ಮಧ್ಯಾಹ್ನ ಅಂಗಡಿ ಮುಚ್ಚಿದ ಮೇಲೆ ಹುಡುಗ ತಂದಿಡ್ತಾನೆ. ನೀವು ಕೆಳಗಿಳೀಬೇಡಿ.’ ಮಾರನೆಯ ದಿನ ನಾಲ್ಕು ಗಂಟೆಗೆ ಕೆಳಗಿನಿಂದ ಕೂಗು ಕೇಳಿತು. ಬಾಲ್ಕನಿಯಿಂದ ಹಗ್ಗ ಕಟ್ಟಿದ ಪ್ಲಾಸ್ಟಿಕ್ ಬುಟ್ಟಿ ಇಳಿಬಿಟ್ಟೆವು. ನನ್ನ ಬಾಲ್ಯದಲ್ಲಿ ಸೊಪ್ಪಿನವಳಿಗೆ ಇಳಿಬಿಡುತ್ತಿದ್ದ ಹಾಗೆಯೇ. ಬುಟ್ಟಿ ಮೂರು ಸಲ ಮೇಲೆ ಬಂತು. ಅಕ್ಕಿ ‘ಅದೇ’ ಇತ್ತು. ಗುಂಟೂರು ಮೆಣಸಿನಕಾಯಿ ಇರಲಿಲ್ಲ, ಅದರ ಬದಲು ಒಂದು ಹಿಡಿ ಬ್ಯಾಡಗಿ ಹೆಚ್ಚು ಹಾಕಿದ್ದರು. ದುಡ್ಡು? ‘ಬರ್ಕೊಂಡಿದೀನಿ, ಎಲ್ಲ ಸರಿಹೋದ ಮೇಲೆ ನೋಡೋಣ.’

ಚೀಲ ಬಂದ ದಾರಿ

ಅಂದು ಬುಟ್ಟಿಯಿಂದ ಸಾಮಾನು ತೆಗೆದು ಜೋಡಿಸುವಾಗ ಇವೆಲ್ಲ ಎಲ್ಲಿಂದ ಬಂದವು ಎಂದು ಮೊದಲ ಸಲ ಯೋಚಿಸಿದೆ. ತೊಗರಿ ಕಲಬುರಗಿಯದು. ಅಕ್ಕಿ ಸಿಂಧನೂರು, ಗಂಗಾವತಿ ಕಡೆಯದು. ಬೆಲ್ಲ ಮಂಡ್ಯದ್ದು, ಕೊಬ್ಬರಿ ತಿಪಟೂರಿನದು, ಮೆಣಸಿನಕಾಯಿ ಹಾವೇರಿ ಜಿಲ್ಲೆಯ ಬ್ಯಾಡಗಿ ಮಾರುಕಟ್ಟೆ ಹಾದು ಬಂದದ್ದು. ಒಂದೇ ಬುಟ್ಟಿಯಲ್ಲಿ ಅರ್ಧ ಕರ್ನಾಟಕವಿತ್ತು. ಇದರಲ್ಲಿ ಒಂದೊಂದೂ ಲಾರಿ ಏರಬೇಕು, ಹಮಾಲರ ಬೆನ್ನು ಹತ್ತಬೇಕು, ಯಶವಂತಪುರದ ಮಂಡಿಗೆ ಇಳಿಯಬೇಕು, ಅಲ್ಲಿಂದ ಶೆಟ್ಟರ ಗೂಡ್ಸ್ ಆಟೊ ಸೇರಬೇಕು.

ಆ ವಾರಗಳಲ್ಲಿ ಪ್ರತಿ ಕೊಂಡಿಯೂ ಸಡಿಲವಾಗಿತ್ತು. ಲಾರಿ ಓಡಿಸಲು ಅನುಮತಿ ಇತ್ತು, ಚಾಲಕನಿಗೆ ದಾರಿಯಲ್ಲಿ ಊಟ ಕೊಡುವ ಢಾಬಾ ತೆರೆದಿರಲಿಲ್ಲ. ಮಂಡಿ ತೆರೆದಿತ್ತು, ಮೂಟೆ ಇಳಿಸುವ ಹಮಾಲರು ಊರಿಗೆ ಹೋಗಿದ್ದರು. ಕೆ.ಆರ್. ಮಾರುಕಟ್ಟೆ ಮುಚ್ಚಿತು. ಕಲಾಸಿಪಾಳ್ಯದ ಸಗಟು ತರಕಾರಿ ವ್ಯಾಪಾರವನ್ನು ಜನಸಂದಣಿ ತಪ್ಪಿಸಲು ನಗರದಂಚಿನ ಸಿಂಗೇನ ಅಗ್ರಹಾರಕ್ಕೆ ಸಾಗಿಸಲಾಯಿತು. ಯಶವಂತಪುರದ ಈರುಳ್ಳಿ, ಆಲೂಗೆಡ್ಡೆ ಮಂಡಿಗಳು ದಾಸನಪುರಕ್ಕೆ ಹೋದವು. ತಳ್ಳುಗಾಡಿಯಲ್ಲಿ ಸೊಪ್ಪು ಮಾರುವ ಹೆಂಗಸು ನಡುರಾತ್ರಿ ಎದ್ದು ಅಷ್ಟು ದೂರ ಹೋಗಿಬರುವುದು ಹೇಗೆ? ನಮ್ಮ ಬೀದಿಗೆ ಬರುತ್ತಿದ್ದವರು ಎರಡು ವಾರ ಕಾಣಲಿಲ್ಲ.

ಇತ್ತ ಮನೆಯೊಳಗೆ ತರಕಾರಿ ಇಲ್ಲ, ಅತ್ತ ಹೊಲದಲ್ಲಿ ಕೊಳ್ಳುವವರಿಲ್ಲ. ಚಿಕ್ಕಬಳ್ಳಾಪುರ ಸೀಮೆಯಲ್ಲಿ ದ್ರಾಕ್ಷಿ ಬಳ್ಳಿಯಲ್ಲೇ ಉಳಿಯಿತು. ಎಷ್ಟೋ ಕಡೆ ರೈತರು ಟೊಮೆಟೊ, ಎಲೆಕೋಸನ್ನು ಹೊಲದಲ್ಲೇ ಉತ್ತರು. ಈ ಎರಡು ತುದಿಗಳನ್ನು ಕೂಡಿಸಲು ನಡೆದ ಪ್ರಯತ್ನಗಳನ್ನು ನಾವು ಮರೆಯಬಾರದು. 1959ರಲ್ಲಿ ಹುಟ್ಟಿದ ಹಾಪ್‌ಕಾಮ್ಸ್ ತನ್ನ ವಾಹನಗಳಲ್ಲಿ ಹಣ್ಣು, ತರಕಾರಿ ತುಂಬಿ ಬಡಾವಣೆಗಳಿಗೂ ಅಪಾರ್ಟ್‌ಮೆಂಟುಗಳಿಗೂ ಕಳಿಸಿತು. ಅಪಾರ್ಟ್‌ಮೆಂಟಿನವರು ಒಟ್ಟಾಗಿ ಪಟ್ಟಿ ಮಾಡಿ ರೈತರಿಂದಲೇ ನೇರ ತರಿಸಿಕೊಂಡರು. ಮೇ ತಿಂಗಳಲ್ಲಿ ಮಾವಿನ ಸುಗ್ಗಿ ಬಂದಾಗ ರಾಜ್ಯದ ಮಾವು ಅಭಿವೃದ್ಧಿ ನಿಗಮವೂ ಅಂಚೆ ಇಲಾಖೆಯೂ ಕೈಜೋಡಿಸಿ, ತೋಟದ ಹಣ್ಣನ್ನು ಪೆಟ್ಟಿಗೆಯಲ್ಲಿಟ್ಟು ಅಂಚೆಯಣ್ಣನ ಕೈಯಲ್ಲಿ ಮನೆಮನೆಗೆ ಮುಟ್ಟಿಸಿದವು. ಕಾಗದ ತರುತ್ತಿದ್ದ ಕೈ ಬಾದಾಮಿ ಮಾವು ತಂದಿತು. ಹೋಟೆಲುಗಳು ಮುಚ್ಚಿ ಉಳಿದುಹೋಗುತ್ತಿದ್ದ ನಂದಿನಿ ಹಾಲನ್ನು ಏಪ್ರಿಲ್‌ನಲ್ಲಿ ಸರ್ಕಾರ ಕೊಂಡು ಕೊಳೆಗೇರಿಗಳ ಮನೆಗಳಿಗೆ ಉಚಿತವಾಗಿ ಹಂಚಿತು. ಮನಸ್ಸು ಮಾಡಿದರೆ ಹೊಲ, ಹಟ್ಟಿಗಳಿಗೂ ಮನೆಬಾಗಿಲಿಗೂ ಹೊಸ ದಾರಿ ತೆರೆಯಬಹುದು ಎಂಬುದಕ್ಕೆ ಇವೆಲ್ಲ ಸಾಕ್ಷಿ.

ಹೊಸ್ತಿಲ ಭಯ

ಚೀಲವೇನೋ ಬಂತು. ಮುಟ್ಟುವುದು ಹೇಗೆ? ಈಗ ನೆನೆದರೆ ಅತಿಯಾಯಿತು ಅನ್ನಿಸಬಹುದು, ಆಗ ಅದು ಜೀವದ ಪ್ರಶ್ನೆ. 2020ರ ಮಾರ್ಚ್‌ನಲ್ಲಿ ಅಮೆರಿಕದ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಧ್ಯಯನವೊಂದು, ಪ್ರಯೋಗಾಲಯದಲ್ಲಿ ಕೊರೊನಾ ವೈರಾಣು ಪ್ಲಾಸ್ಟಿಕ್ ಮತ್ತು ಉಕ್ಕಿನ ಮೇಲೆ 72 ಗಂಟೆಯವರೆಗೆ, ರಟ್ಟಿನ ಮೇಲೆ 24 ಗಂಟೆಯವರೆಗೆ ಉಳಿದದ್ದನ್ನು ಹೇಳಿತ್ತು. ಆ ಅಂಕಿಗಳು ಮೊಬೈಲಿನಿಂದ ಮೊಬೈಲಿಗೆ ಹರಿದು ಎಲ್ಲರ ಅಡುಗೆಮನೆ ಹೊಕ್ಕವು. ಹಾಲಿನ ಪ್ಯಾಕೆಟ್ಟಿಗೆ ಸೋಪಿನ ಸ್ನಾನ. ತರಕಾರಿಗೆ ಉಪ್ಪು, ಅರಿಸಿನದ ನೀರು. ಬೇಳೆಯ ಪೊಟ್ಟಣಗಳು ಮೂರು ದಿನ ಬಾಲ್ಕನಿಯಲ್ಲೇ ಬಿಸಿಲು ಕಾಯುತ್ತಿದ್ದವು. ನೋಟಿಗೆ ಇಸ್ತ್ರಿ ಹಾಕಿದವರನ್ನೂ ಕಂಡಿದ್ದೇನೆ.

ಮುಂದಿನ ವರ್ಷ, 2021ರ ಏಪ್ರಿಲ್‌ನಲ್ಲಿ, ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸೋಂಕಿತ ವಸ್ತುವನ್ನು ಒಮ್ಮೆ ಮುಟ್ಟಿದರೆ ರೋಗ ತಗಲುವ ಸಂಭವ ಸಾಮಾನ್ಯವಾಗಿ ಹತ್ತು ಸಾವಿರದಲ್ಲಿ ಒಂದಕ್ಕಿಂತ ಕಡಿಮೆ ಎಂದು ಹೇಳಿತು. ರೋಗ ಮುಖ್ಯವಾಗಿ ಹರಡುತ್ತಿದ್ದುದು ಉಸಿರಿನಿಂದ. ಅಂದರೆ ನಾವು ಚೀಲಕ್ಕೆ ಹೆದರಿದ್ದೆವು. ಅಪಾಯ ಇದ್ದದ್ದು ಚೀಲ ತುಂಬಿಸಲು ಅಂಗಡಿಯ ಮುಂದೆ ಒತ್ತಾಗಿ ನಿಂತವರಿಗೆ, ಗೋದಾಮಿನಲ್ಲಿ ಹೆಗಲಿಗೆ ಹೆಗಲು ತಾಗಿಸಿ ಪೊಟ್ಟಣ ಕಟ್ಟುತ್ತಿದ್ದವರಿಗೆ.

ಈ ಹೊಸ್ತಿಲ ಭಯ ಹಳೆಯದು. ಇಂಗ್ಲೆಂಡಿನ ಈಮ್ ಎಂಬ ಹಳ್ಳಿ 1665–66ರಲ್ಲಿ ಪ್ಲೇಗ್ ಬಂದಾಗ ಸುತ್ತಲ ಊರುಗಳಿಗೆ ರೋಗ ಹಬ್ಬದಿರಲೆಂದು ತನಗೆ ತಾನೇ ದಿಗ್ಬಂಧನ ಹಾಕಿಕೊಂಡಿತು. ಹೊರಗಿನವರು ಗಡಿಯಲ್ಲಿ ಆಹಾರ ಇಟ್ಟುಹೋಗುತ್ತಿದ್ದರು, ಹಳ್ಳಿಯವರು ಕಲ್ಲಿನ ಕುಳಿಯಲ್ಲಿ ವಿನೆಗರ್ ತುಂಬಿ ಅದರಲ್ಲಿ ನಾಣ್ಯ ಮುಳುಗಿಸಿಟ್ಟು ಬೆಲೆ ತೀರಿಸುತ್ತಿದ್ದರು. 1898ರಲ್ಲಿ ಬೆಂಗಳೂರಿಗೂ ಪ್ಲೇಗ್ ಬಂತು. ಬಸವನಗುಡಿ, ಮಲ್ಲೇಶ್ವರಗಳು ಬೆಳೆದದ್ದು ಆ ಮಾರಿಯ ನಂತರ. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಇಲಿ ಬಿದ್ದರೆ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಳ್ಳುತ್ತಿದ್ದ ಕಥೆಯನ್ನು ನಮ್ಮ ಅಜ್ಜಿಯೂ ಹೇಳುತ್ತಿದ್ದಳು. ಆಗ ಜನ ರಾಗಿ ಮೂಟೆ, ಬೀಸುಕಲ್ಲು ಹೊತ್ತುಕೊಂಡೇ ಹೋಗುತ್ತಿದ್ದರಂತೆ. ನೂರಿಪ್ಪತ್ತು ವರ್ಷದ ನಂತರ ನಮ್ಮ ಕೈಯಲ್ಲಿ ಮೂಟೆ ಇರಲಿಲ್ಲ, ಫೋನ್ ಇತ್ತು. ವಿನೆಗರ್ ಕುಳಿಯ ಜಾಗಕ್ಕೆ ಯುಪಿಐ ಬಂದಿತ್ತು. 2020ರ ಅಕ್ಟೋಬರ್‌ನಲ್ಲಿ ಯುಪಿಐ ವಹಿವಾಟು ಮೊದಲ ಬಾರಿಗೆ ತಿಂಗಳಿಗೆ 200 ಕೋಟಿ ದಾಟಿತು.

ಕೂಡಿಡುವ ವಿದ್ಯೆಯನ್ನು ಬಿಡದವರು ಮಲೆನಾಡಿನವರು, ಕರಾವಳಿಯವರು. ಮಳೆ ಹಿಡಿದರೆ ವಾರಗಟ್ಟಲೆ ಪೇಟೆಯ ಮುಖ ಕಾಣದ ಮನೆಗಳು ಅಲ್ಲಿ ಇಂದಿಗೂ ಇವೆ. ಬೇಸಿಗೆಯಲ್ಲೇ ಹಪ್ಪಳ, ಸಂಡಿಗೆ, ಉಪ್ಪುನೀರಿನ ಮಾವಿನಕಾಯಿ, ಒಣಗಿಸಿದ ಹಲಸಿನ ಬೀಜ, ಬೆಚ್ಚಗಿನ ಕೋಣೆಯಲ್ಲಿ ಅಕ್ಕಿ ಮುಡಿ. ತೀರ್ಥಹಳ್ಳಿ ಕಡೆಯ ನನ್ನ ಚಿಕ್ಕಮ್ಮ ಫೋನಿನಲ್ಲಿ ‘ನಮಗೇನೂ ತೊಂದರೆಯಿಲ್ಲ ಮಾರಾಯ್ತಿ, ಇದೊಂದು ಉದ್ದದ ಮಳೆಗಾಲ ಅಷ್ಟೆ’ ಎಂದು ಅಮ್ಮನಿಗೆ ಸಮಾಧಾನ ಹೇಳಿದಳು. ಅಂದಿನಿಂದ ನಮ್ಮ ಮನೆಯಲ್ಲೂ ಆರು ವಾರದ ಅಕ್ಕಿ, ಬೇಳೆ, ಎಣ್ಣೆ, ಉಪ್ಪು ಯಾವಾಗಲೂ ಇರುತ್ತದೆ.

ಆ್ಯಪ್ ಇಲ್ಲದ ಮನೆಗಳು

ನನಗೆ ಸ್ಮಾರ್ಟ್‌ಫೋನ್ ಇತ್ತು, ಬ್ಯಾಂಕಿನಲ್ಲಿ ಸ್ವಲ್ಪ ದುಡ್ಡಿತ್ತು, ಶೆಟ್ಟರಿದ್ದರು. ಇವು ಮೂರೂ ಇಲ್ಲದವರ ಗತಿ?

ನಮ್ಮ ಹಿಂದಿನ ಬೀದಿಯಲ್ಲಿ ನಿವೃತ್ತ ಶಿಕ್ಷಕಿಯೊಬ್ಬರು ಒಬ್ಬರೇ ಇದ್ದರು. ಮಗ ವಿದೇಶದಲ್ಲಿ. ಅವನು ಅಲ್ಲಿಂದಲೇ ಇಲ್ಲಿನ ಆ್ಯಪ್‌ನಲ್ಲಿ ಆರ್ಡರ್ ಮಾಡುತ್ತಿದ್ದ. ಸಾಮಾನು ಬಂದಾಗ ಕೇಳುವ ಒಟಿಪಿ ಅವನ ಫೋನಿಗೆ ಹೋಗುತ್ತಿತ್ತು, ಅಲ್ಲಿ ಆಗ ನಡುರಾತ್ರಿ. ಹುಡುಗ ಬಾಗಿಲಲ್ಲಿ ಕಾದು, ಕೊನೆಗೆ ಚೀಲ ವಾಪಸ್ ತೆಗೆದುಕೊಂಡು ಹೋದದ್ದೂ ಉಂಟು. ಆಕೆ ಮೂರು ದಿನ ಗಂಜಿ ಕುಡಿದಿದ್ದರು ಎಂಬುದು ನಮಗೆ ತಿಳಿದದ್ದು ಹಾಲು ಹಾಕುವವನಿಂದ. ದಿನವೂ ಅವರ ಮುಖ ನೋಡುತ್ತಿದ್ದವನು ಅವನೊಬ್ಬನೇ. ಆಮೇಲೆ ಅವರ ಚೀಟಿಯೂ ಶೆಟ್ಟರಿಗೆ ಹೋಗತೊಡಗಿತು. ಅವರು ಲ್ಯಾಂಡ್‌ಲೈನಿನಲ್ಲಿ ಓದಿ ಹೇಳುತ್ತಿದ್ದರು, ನಾನು ಬರೆದು ಕಳಿಸುತ್ತಿದ್ದೆ.

2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಅಂಗವಿಕಲರ ಸಂಖ್ಯೆ 13.24 ಲಕ್ಷ. ಕಣ್ಣು ಕಾಣದವರು ಅಂಗಡಿಯ ಮುಂದೆ ಬಳಿದ ಸುಣ್ಣದ ವೃತ್ತದಲ್ಲಿ ನಿಲ್ಲುವುದು ಹೇಗೆ? ಮಾಸ್ಕ್ ಹಾಕಿದ ಅಂಗಡಿಯವನ ತುಟಿಯ ಚಲನೆಯನ್ನು ಕಿವಿ ಕೇಳದವರು ಓದುವುದು ಹೇಗೆ? ಗಾಲಿಕುರ್ಚಿಯಲ್ಲಿರುವವರು ಬ್ಯಾರಿಕೇಡ್ ದಾಟುವುದು ಹೇಗೆ? ಇವರಿಗೆಲ್ಲ ಮನೆಗೆ ತಂದುಕೊಡುವ ದಿನಸಿ ಅನುಕೂಲದ ಮಾತಲ್ಲ, ಬದುಕಿನ ಮಾತು. ಲಾಕ್‌ಡೌನ್ ಮುಗಿದ ಮೇಲೂ ಅವರಲ್ಲಿ ಎಷ್ಟೋ ಮಂದಿಯ ಬಾಗಿಲು ಹಾಗೆಯೇ ಮುಚ್ಚಿದೆ. ನಾವು ಎರಡು ವರ್ಷ ಕಂಡ ಸಂಕಟ ಅವರ ನಿತ್ಯದ್ದು.

ಪಡಿತರದ ಮನೆಗಳಿಗೆ ಸರ್ಕಾರ ಏಪ್ರಿಲ್, ಮೇ ಎರಡೂ ತಿಂಗಳ ಧಾನ್ಯವನ್ನು ಒಟ್ಟಿಗೆ ಕೊಟ್ಟಿತು. ಅದರ ಮೇಲೆ ಕೇಂದ್ರದ ಗರೀಬ್ ಕಲ್ಯಾಣ್ ಅನ್ನ ಯೋಜನೆಯಲ್ಲಿ ತಲೆಗೆ ತಿಂಗಳಿಗೆ 5 ಕಿಲೊ ಉಚಿತ ಧಾನ್ಯ ಬಂತು. ದೇಶದ ಸುಮಾರು 80 ಕೋಟಿ ಜನರಿಗೆ ಮೀಸಲಾದ ಯೋಜನೆ ಅದು. ಇದು ಎಷ್ಟೋ ಮನೆಗಳ ಒಲೆ ಉರಿಸಿತು, ಆ ಋಣ ದೊಡ್ಡದು. ಆದರೆ ಧಾನ್ಯ ಬಂದದ್ದು ನ್ಯಾಯಬೆಲೆ ಅಂಗಡಿಯವರೆಗೆ. ಅಲ್ಲಿಂದ ಇಪ್ಪತ್ತು ಕಿಲೊ ಮೂಟೆ ಹೊತ್ತು ಮನೆಗೆ ತರುವ ಶಕ್ತಿ ಹಾಸಿಗೆ ಹಿಡಿದ ಮುದುಕನಿಗೆ ಎಲ್ಲಿಂದ ಬರಬೇಕು?

ಮನೆಯವರೆಗೂ ನಡೆದು ಹೋದವರು ಅಂಗನವಾಡಿ ಕಾರ್ಯಕರ್ತೆಯರು. ಮಾತೃಪೂರ್ಣ ಯೋಜನೆಯಲ್ಲಿ ಗರ್ಭಿಣಿಯರು, ಬಾಣಂತಿಯರು ದಿನವೂ ಅಂಗನವಾಡಿಗೆ ಬಂದು ಬಿಸಿಯೂಟ ಮಾಡುತ್ತಿದ್ದರು. ಕೇಂದ್ರಗಳು ಮುಚ್ಚಿದಾಗ ಆ ಅಕ್ಕಿ, ಬೇಳೆ, ಮೊಟ್ಟೆಗಳನ್ನು ಮನೆಮನೆಗೆ ಮುಟ್ಟಿಸಿದವರು ಇವರು. ರಾಜ್ಯದ ಸುಮಾರು 42,000 ಆಶಾ ಕಾರ್ಯಕರ್ತೆಯರು ಯಾರ ಮನೆಯಲ್ಲಿ ಜ್ವರ, ಯಾರ ಮನೆಯಲ್ಲಿ ಒಬ್ಬರೇ ವೃದ್ಧರು ಎಂದು ಬಾಗಿಲು ಬಡಿದು ತಿಳಿದರು. ಊರ ದಾರಿಗೆ ಮುಳ್ಳುಬೇಲಿ ಹಾಕಿಕೊಂಡ ಹಳ್ಳಿಗಳಲ್ಲೂ ಅವರು ನಡೆದರು. ಅದೇ ಆಶಾಗಳು 2020ರ ಜುಲೈನಲ್ಲಿ ತಿಂಗಳಿಗೆ 12,000 ರೂಪಾಯಿ ಗೌರವಧನ ಕೊಡಿ ಎಂದು ಮುಷ್ಕರ ಹೂಡಬೇಕಾಯಿತು. ಆ ದಿನಗಳಲ್ಲಿ ನಮ್ಮನ್ನು ಕಾಪಾಡಿದವರು ಬದುಕುವಷ್ಟು ಸಂಬಳಕ್ಕಾಗಿ ಬೀದಿಗಿಳಿದದ್ದು ನನಗೆ ಇಂದಿಗೂ ನೋವಿನ ಸಂಗತಿ.

ಬೆಳಿಗ್ಗೆ ಆರರಿಂದ ಹತ್ತು

ಎರಡನೆಯ ಅಲೆ ನಮ್ಮ ಮನೆಯೊಳಗೇ ಬಂತು. 2021ರ ಏಪ್ರಿಲ್ 27ರ ರಾತ್ರಿಯಿಂದ ರಾಜ್ಯ ಮತ್ತೆ ಬಾಗಿಲು ಹಾಕಿತು, ಮೇ 10ರಿಂದ ನಿರ್ಬಂಧ ಇನ್ನೂ ಬಿಗಿಯಾಯಿತು. ದಿನಸಿ ಅಂಗಡಿ ತೆರೆದಿರುವುದು ಬೆಳಿಗ್ಗೆ 6ರಿಂದ 10 ಮಾತ್ರ. ಇಡೀ ದಿನದ ಜನ ನಾಲ್ಕು ಗಂಟೆಯೊಳಗೆ ಒತ್ತರಿಸಿದರು. ಮೇ 5ರಂದು ಕರ್ನಾಟಕದಲ್ಲಿ ಒಂದೇ ದಿನ 50,112 ಹೊಸ ಪ್ರಕರಣಗಳು ದಾಖಲಾದವು. ಅಂಥ ದಿನಗಳಲ್ಲೇ ನನಗೂ ಅಮ್ಮನಿಗೂ ಜ್ವರ. ಆಸ್ಪತ್ರೆಯಲ್ಲಿ ಹಾಸಿಗೆಯಿಲ್ಲದ ಹೊತ್ತು, ನಮ್ಮದು ಮನೆಯಲ್ಲೇ ಇರಬಹುದಾದಷ್ಟು ಸೌಮ್ಯ ಎಂದರು. ಎರಡೂವರೆ ವಾರ ನಾವು ಬಾಗಿಲು ದಾಟುವಂತಿರಲಿಲ್ಲ.

ಮೊದಲ ದಿನವೇ ಶೆಟ್ಟರಿಗೆ ಚೀಟಿ ಕಳಿಸಿದೆ. ನೋಡಿದ ಗುರುತು ಬರಲಿಲ್ಲ. ಫೋನ್ ಮಾಡಿದರೆ ಮಗ ಎತ್ತಿದ. ‘ಅಪ್ಪಂಗೂ ಪಾಸಿಟಿವ್. ಅಂಗಡಿ ಮುಚ್ಚಿದೀವಿ.’

ಆಗ ನನಗೆ ಅರ್ಥವಾಯಿತು, ನಾನು ಒಂದೇ ಎಳೆಯನ್ನು ನಂಬಿ ಕುಳಿತಿದ್ದೆ. ಆ ಎಳೆಯೂ ಒಬ್ಬ ಮನುಷ್ಯ, ಅವನಿಗೂ ಶ್ವಾಸಕೋಶವಿದೆ. ಅಂದು ಸಂಜೆ ನಮ್ಮ ಬೀದಿಯವರ ವಾಟ್ಸ್ಆ್ಯಪ್ ಗುಂಪಿನಲ್ಲಿ ಸಂಕೋಚ ಬಿಟ್ಟು ಬರೆದೆ: ನಾವಿಬ್ಬರೂ ಮಲಗಿದ್ದೇವೆ, ಸಾಮಾನು ತರುವವರಿಲ್ಲ. ಕಾಲು ಗಂಟೆಯಲ್ಲಿ ಎದುರುಮನೆಯ ಕಾಲೇಜು ಹುಡುಗಿ ಉತ್ತರಿಸಿದಳು. ‘ಆಂಟಿ ಹತ್ತಿರ ಚೀಟಿ ಬರೆಸಿ ಕಳಿಸಿ. ನಾನು ಆರು ಗಂಟೆಗೇ ಹೋಗ್ತೀನಿ.’ ಅವಳಿಗೆ ಅಮ್ಮನ ಅಕ್ಷರ ತಿಳಿಯಲಿಲ್ಲ. ಫೋನ್ ಮಾಡಿ ‘ಕ.ಬೇ. ಅಂದ್ರೆ ಏನು?’ ಎಂದು ಕೇಳಿದಳು. ಕೆಮ್ಮಿನ ನಡುವೆ ಅಮ್ಮ ವಿವರಿಸಿದಳು. ಮೂರನೆಯ ಚೀಟಿಯ ಹೊತ್ತಿಗೆ ಅವಳು ಪ್ರಶ್ನೆ ಕೇಳುವುದನ್ನು ನಿಲ್ಲಿಸಿದಳು. ಹದಿನೇಳು ದಿನ ಗೇಟಿಗೆ ಚೀಲ ತೂಗುತ್ತಿತ್ತು. ಒಮ್ಮೊಮ್ಮೆ ಅದರೊಳಗೆ ಕೇಳದೇ ಇದ್ದ ಎಳನೀರು, ಅವರ ಮನೆಯ ಮೆಣಸಿನ ಸಾರು.

ಅವಳು ನಮಗೊಬ್ಬರಿಗೇ ತರುತ್ತಿರಲಿಲ್ಲ. ಬೀದಿಯ ಏಳು ಮನೆಗಳ ಚೀಟಿ ಅವಳ ಹತ್ತಿರ ಇತ್ತು. ಆ ಕಾಲದಲ್ಲಿ ರಾಜ್ಯದ ಊರೂರಿನಲ್ಲಿ ಇಂಥವರಿದ್ದರು. ಕಾಲೇಜು ಹುಡುಗರು, ಆಟೊ ಚಾಲಕರು, ಮಸೀದಿ, ಮಠ, ಚರ್ಚುಗಳಲ್ಲಿ ಕಿಟ್ ಕಟ್ಟಿದವರು, ಅಭಿಮಾನಿ ಸಂಘದ ಯುವಕರು. ಅವರ ಹೆಸರು ಯಾವ ಫಲಕದ ಮೇಲೂ ಇಲ್ಲ.

ಶೆಟ್ಟರು ಇಪ್ಪತ್ತು ದಿನದ ಮೇಲೆ ಅಂಗಡಿ ತೆರೆದರು. ಸೊರಗಿದ್ದರು, ಮಾತಿಗೊಮ್ಮೆ ಏದುಸಿರು. ನಾನು ಚುಕ್ತಾ ಮಾಡಲು ಹೋದಾಗ ಲೆಕ್ಕದ ಪುಸ್ತಕ ತೆರೆದರು. ಹಲವು ಪುಟಗಳಲ್ಲಿ ಹಣ ಬಾರದ ಹೆಸರುಗಳಿದ್ದವು. ಕೆಲವನ್ನು ಅಡ್ಡಗೆರೆ ಎಳೆದು ಮುಗಿಸಿದ್ದರು. ಕಾರಣ ಕೇಳಲಿಲ್ಲ, ಅವರೂ ಹೇಳಲಿಲ್ಲ.

ಹೊತ್ತು ತಂದವರ ಲೆಕ್ಕ

ಮನೆಯೊಳಗೆ ಕೂತವರ ಸುರಕ್ಷತೆಗೆ ಬೆಲೆ ತೆತ್ತವರು ಹೊರಗೆ ಓಡಾಡಿದವರು. ಅಪಾರ್ಟ್‌ಮೆಂಟುಗಳು ಡೆಲಿವರಿ ಹುಡುಗರನ್ನು ಗೇಟಿನಾಚೆ ನಿಲ್ಲಿಸಿದವು. ಬಿಸಿಲಲ್ಲಿ ಓಡಾಡಿ ಬಂದವನಿಗೆ ಕುಡಿಯಲು ನೀರು ಸಿಗುತ್ತಿರಲಿಲ್ಲ, ಹೋಟೆಲು ಮುಚ್ಚಿದ್ದರಿಂದ ಶೌಚಾಲಯವೂ ಇರಲಿಲ್ಲ. ಕಾಯಿಲೆ ಬಿದ್ದರೆ ಅಂದಿನ ಸಂಪಾದನೆ ಇಲ್ಲ. ನೌಕರ ಎಂದು ಯಾರೂ ಕರೆಯದ ಆ ಹುಡುಗನಿಗೆ ರಜೆಯೂ ಇಲ್ಲ, ಭವಿಷ್ಯನಿಧಿಯೂ ಇಲ್ಲ.

ಈ ಲೆಕ್ಕವನ್ನು ಸರಿಪಡಿಸುವ ಹೆಜ್ಜೆ ಕರ್ನಾಟಕದಲ್ಲಿ ತಡವಾಗಿಯಾದರೂ ಆರಂಭವಾಗಿದೆ. 2023ರಲ್ಲಿ ರಾಜ್ಯ ಸರ್ಕಾರ ಗಿಗ್ ಕಾರ್ಮಿಕರಿಗೆ 4 ಲಕ್ಷ ರೂಪಾಯಿಯ ವಿಮಾ ಯೋಜನೆ ತಂದಿತು. 2025ರಲ್ಲಿ ಅವರ ಸಾಮಾಜಿಕ ಭದ್ರತೆಗೆ ಕಾಯ್ದೆಯೇ ಬಂತು. ಪ್ರತಿ ವಹಿವಾಟಿನಲ್ಲಿ ಕಾರ್ಮಿಕನಿಗೆ ಸಲ್ಲುವ ಮೊತ್ತದ ಮೇಲೆ ಕಂಪನಿಗಳು ಶೇ 1ರಿಂದ 5ರಷ್ಟು ಕಲ್ಯಾಣ ಶುಲ್ಕ ಕಟ್ಟಬೇಕು ಎಂಬುದು ಅದರ ಸಾರ. ಈ ಕಾಯ್ದೆ ಪುಸ್ತಕದಲ್ಲಿ ಉಳಿಯದೆ ಹುಡುಗನ ಕೈಗೆ ತಲುಪಬೇಕು. ಇಂದು ಹತ್ತು ನಿಮಿಷದಲ್ಲಿ ಕೊತ್ತಂಬರಿ ತರಿಸಿಕೊಳ್ಳುವ ನಮಗೆ, 2020ರಲ್ಲಿ ಅವನಿಗಾಗಿ ಒಂಬತ್ತು ದಿನ ಕಾದದ್ದು ಮರೆತುಹೋಗಬಾರದು.

ಇನ್ನೊಂದು ಒಳ್ಳೆಯ ಹೆಜ್ಜೆಯೂ ಇದೆ. 80 ವರ್ಷ ದಾಟಿದವರಷ್ಟೇ ಇರುವ ಮನೆಗಳಿಗೆ ಪಡಿತರವನ್ನು ಬಾಗಿಲಿಗೇ ಮುಟ್ಟಿಸುವ ‘ಅನ್ನ ಸುವಿಧಾ’ವನ್ನು ರಾಜ್ಯ 2024–25ರ ಬಜೆಟ್‌ನಲ್ಲಿ ಘೋಷಿಸಿತು. ಇದು ಹಾಸಿಗೆ ಹಿಡಿದವರಿಗೆ, ಅಂಗವಿಕಲರಿಗೆ, ಒಂಟಿ ರೋಗಿಗಳಿಗೆ ವಯಸ್ಸಿನ ಲೆಕ್ಕವಿಲ್ಲದೆ ಹಬ್ಬಬೇಕು. ಸಾಂಕ್ರಾಮಿಕ ಬಂದ ಮೇಲೆ ಪಟ್ಟಿ ಮಾಡಲು ಕೂತರೆ ಪಟ್ಟಿ ಮುಗಿಯುವ ಹೊತ್ತಿಗೆ ಹಸಿವು ಮುಂದೆ ಹೋಗಿರುತ್ತದೆ. ಮನೆಯಿಂದ ಹೊರಬರಲಾಗದವರ ಪಟ್ಟಿ ಪ್ರತಿ ವಾರ್ಡಿನಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಈಗಲೇ ಇರಬೇಕು. ಅವರ ಮನೆ ಬಲ್ಲವರು ಆಶಾ, ಅಂಗನವಾಡಿ ಕಾರ್ಯಕರ್ತೆಯರು, ಅಂಚೆಯವರು, ಹಾಲಿನವರು. ಅವರನ್ನು ಕೇಳಿದರೆ ಪಟ್ಟಿ ಒಂದು ವಾರದ ಕೆಲಸ.

ಇನ್ನೊಂದು ಚೀಟಿ

ಅಮ್ಮನಿಗೆ ಈಗ ಎಂಬತ್ತು ದಾಟಿದೆ. ಕೈ ನಡುಗುತ್ತದೆ, ಚೀಟಿ ಇನ್ನೂ ಅವಳೇ ಬರೆಯುತ್ತಾಳೆ. ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಅವಳ ಅಕ್ಷರದಲ್ಲೇ ಇನ್ನೊಂದು ಚೀಟಿ ಅಂಟಿಸಿದೆ. ಅದರಲ್ಲಿ ಬೇಳೆ, ಬೆಲ್ಲ ಇಲ್ಲ. ಬೀದಿಯಲ್ಲಿ ಒಂಟಿಯಾಗಿರುವ ನಾಲ್ವರ ಹೆಸರು, ಫೋನ್ ನಂಬರು, ಅವರು ಸಾಮಾನು ತರುವ ಅಂಗಡಿ, ಔಷಧ ಕೊಡುವ ಮೆಡಿಕಲ್ ಸ್ಟೋರ್, ಅವರ ಮನೆಯ ಇನ್ನೊಂದು ಬೀಗದ ಕೈ ಇರುವ ಮನೆ. ಕೆಳಗೆ ಶೆಟ್ಟರ ನಂಬರು, ಅವರ ಮಗನ ನಂಬರು, ಎದುರುಮನೆಯ ಹುಡುಗಿಯ ನಂಬರು. ಕರೆಂಟು ಹೋದರೂ, ಫೋನ್ ಸತ್ತರೂ ಓದಬಹುದಾದ ಚೀಟಿ.

ಮುಂದಿನ ಸಲ ಬರುವುದು ಯಾವ ರೋಗವೋ, ಪ್ರವಾಹವೋ ತಿಳಿಯದು. ಬಾಗಿಲು ಮುಚ್ಚಿದ ದಿನ ಅದರಾಚೆಯಿಂದ ನಿಮ್ಮನ್ನು ಹೆಸರು ಹಿಡಿದು ಕೂಗುವವರು ಯಾರು, ನೀವು ಕೂಗಬೇಕಾದವರು ಯಾರು ಎಂದು ಇಂದೇ ಯೋಚಿಸಿ. ಈ ಭಾನುವಾರ ಒಂದು ಕೆಲಸ ಮಾಡಿ. ಪೆನ್ನು, ಕಾಗದ ತೆಗೆದುಕೊಳ್ಳಿ. ನಿಮ್ಮ ಬೀದಿಯಲ್ಲಿ ಮನೆಯಿಂದ ಹೊರಗೆ ಬರಲಾಗದ ಒಬ್ಬರ ಹೆಸರು ಬರೆಯಿರಿ. ಗೊತ್ತಿಲ್ಲದಿದ್ದರೆ ಹಾಲು ಹಾಕುವವರನ್ನು ಕೇಳಿ. ಆಮೇಲೆ ಅವರ ಬಾಗಿಲು ತಟ್ಟಿ, ಏನಾದರೂ ತರಬೇಕಾ ಎಂದು ಕೇಳಿ ಬನ್ನಿ.